ಯಾರಿಗೆ, ವಯಸ್ಸೆಷ್ಟು ಅಂತ ಮೊದಲು ಕೇಳಿ

ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಲ್ಲುವ ಎಲ್ಲರಿಗೂ,

ಅಂಗಡಿಯ ಮಾಲೀಕರು, ಡಿ.ಫಾರ್ಮ ಓದಿ ಗೋಡೆಗೆ ಸರ್ಟಿಫಿಕೇಟ್ ತೂಗುಹಾಕಿರುವವರು, ಪಿಯುಸಿ ಮುಗಿಸಿ ಸಂಬಳಕ್ಕೆ ಸೇರಿ ಎರಡೇ ವರ್ಷದಲ್ಲಿ ಯಾವ ಕಪಾಟಿನಲ್ಲಿ ಏನಿದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ ಹುಡುಗ ಹುಡುಗಿಯರು, ಈ ಪತ್ರ ನಿಮ್ಮೆಲ್ಲರಿಗೆ. ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಮಕ್ಕಳ ವೈದ್ಯೆ. ಕೆಮ್ಮಿನ ಔಷಧಿಯ ವಿಚಾರವನ್ನು ಸರ್ಕಾರಕ್ಕೆ ಬರೆಯಬಹುದಿತ್ತು, ಕಂಪನಿಗಳಿಗೆ ಬರೆಯಬಹುದಿತ್ತು, ತಾಯಂದಿರಿಗೆ ಬರೆಯಬಹುದಿತ್ತು. ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ಊರುಗಳಲ್ಲಿ ಕೆಮ್ಮಿಗೆ ಯಾವ ಔಷಧಿ ಎಂದು ತೀರ್ಮಾನಿಸುವವರು ಬಹುಪಾಲು ನೀವೇ. ನನ್ನ ಬಳಿ ಬರುವ ಮಕ್ಕಳಲ್ಲಿ ಹೆಚ್ಚಿನವು ಆಗಲೇ ನಿಮ್ಮ ಅಂಗಡಿಯ ಒಂದು ಬಾಟಲಿ ಮುಗಿಸಿಕೊಂಡೇ ಬಂದಿರುತ್ತವೆ.

ಸಂಜೆ ಏಳರ ಹೊತ್ತಿಗೆ ನಿಮ್ಮ ಮುಂದೆ ನಿಲ್ಲುವವರ ಮಾತು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. "ಅಣ್ಣಾ, ಕೆಮ್ಮಿಗೆ ಒಂದು ಬಾಟ್ಲಿ ಕೊಡಿ." ಅಷ್ಟೇ. ಕೇಳಿದವರು ಗಾರೆ ಕೆಲಸ ಮುಗಿಸಿ ಬಂದವರು. ಕೆಮ್ಮು ಯಾರದ್ದು ಅಂತ ಅವರು ಹೇಳುವುದಿಲ್ಲ. ಅವರದ್ದೇ ಇರಬಹುದು, ಮನೆಯಲ್ಲಿರುವ ಎಂಬತ್ತರ ಅವ್ವನದ್ದಿರಬಹುದು, ತಮ್ಮನ ಒಂಬತ್ತು ತಿಂಗಳ ಮಗುವಿನದ್ದಿರಬಹುದು. ಹಿಂದೆ ಇನ್ನೂ ಆರು ಜನ ನಿಂತಿದ್ದಾರೆ, ಫೋನ್‌ಪೇ ಡಬ್ಬಿ ಕೂಗುತ್ತಿದೆ, ನಿಮ್ಮ ಕೈ ರೂಢಿಯಂತೆ ಕಪಾಟಿನತ್ತ ಹೋಗುತ್ತದೆ. ಆ ಕೈ ಬಾಟಲಿ ಮುಟ್ಟುವ ಮೊದಲು ಬಾಯಿ ಒಂದು ಪ್ರಶ್ನೆ ಕೇಳಲಿ ಎಂಬುದೇ ಈ ಪತ್ರದ ಕೋರಿಕೆ. ಯಾರಿಗೆ, ವಯಸ್ಸೆಷ್ಟು? ಐದು ವರ್ಷಕ್ಕಿಂತ ಕಡಿಮೆ ಅಂತ ಉತ್ತರ ಬಂದರೆ, ಡಾಕ್ಟರ ಚೀಟಿಯೂ ಇಲ್ಲದಿದ್ದರೆ, ಕೈ ಹಿಂದಕ್ಕೆ ಬರಲಿ.

ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯ ಪರಾಸಿಯಾದಲ್ಲಿ 2025ರ ಆಗಸ್ಟ್ ಕೊನೆ, ಸೆಪ್ಟೆಂಬರಿನಲ್ಲಿ ಮಕ್ಕಳಿಗೆ ಬಂದದ್ದು ಮಳೆಗಾಲದ ಮಾಮೂಲಿ ಜ್ವರ, ನೆಗಡಿ, ಕೆಮ್ಮು. ಸಿರಪ್ ಕುಡಿದ ಕೆಲವು ಮಕ್ಕಳಿಗೆ ವಾಂತಿ ಶುರುವಾಯಿತು, ಆಮೇಲೆ ಮೂತ್ರ ನಿಂತುಹೋಯಿತು. ನಾಗಪುರದ ಆಸ್ಪತ್ರೆಗಳಲ್ಲಿ ಡಯಾಲಿಸಿಸ್‌ಗೆ ಹಾಕಿದರೂ ಬಹಳ ಮಕ್ಕಳು ಉಳಿಯಲಿಲ್ಲ. ಸತ್ತವರ ಸಂಖ್ಯೆ 20 ದಾಟಿತು. ಹೆಚ್ಚಿನವರು ಐದು ವರ್ಷದೊಳಗಿನವರು. ಕೋಲ್ಡ್ರಿಫ್ ಎಂಬ ಆ ಸಿರಪ್ ತಯಾರಾದದ್ದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಸ್ರೇಸನ್ ಫಾರ್ಮಾಸ್ಯೂಟಿಕಲ್ಸ್ ಎಂಬ ಸಣ್ಣ ಘಟಕದಲ್ಲಿ. ಅದರ ಎಸ್ಆರ್-13 ಎಂಬ ಬ್ಯಾಚನ್ನು ತಮಿಳುನಾಡಿನ ಔಷಧ ನಿಯಂತ್ರಣ ಇಲಾಖೆ ಪರೀಕ್ಷಿಸಿದಾಗ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ರಾಸಾಯನಿಕ ಶೇ. 48.6ರಷ್ಟು ಸಿಕ್ಕಿತು. ಇರಬಹುದಾದ ಮಿತಿ ಶೇ. 0.1. ಬಾಟಲಿಯಲ್ಲಿ ಹತ್ತಿರ ಹತ್ತಿರ ಅರ್ಧ ವಿಷವೇ ಇತ್ತು. ಕಾರ್ಖಾನೆಯ ಪರವಾನಗಿ ರದ್ದಾಯಿತು, ಮಾಲೀಕನ ಬಂಧನವಾಯಿತು. ಬರೆದುಕೊಟ್ಟ ವೈದ್ಯರೂ ಜೈಲು ಸೇರಿದರು.

ಇದು ಮೊದಲನೆಯದಾಗಿದ್ದರೆ ಅಪಘಾತ ಎನ್ನಬಹುದಿತ್ತು. ಅಮೆರಿಕದಲ್ಲಿ 1937ರಲ್ಲಿ ಇದೇ ರಾಸಾಯನಿಕದಲ್ಲಿ ಕರಗಿಸಿದ ಸಲ್ಫಾನಿಲಮೈಡ್ ಔಷಧಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಮರುವರ್ಷವೇ ಅಲ್ಲಿ ಹೊಸ ಔಷಧ ಕಾನೂನು ಬಂತು. ನಮ್ಮಲ್ಲಿ ಎಪ್ಪತ್ತರ ದಶಕದ ಆರಂಭದಲ್ಲಿ ಮದ್ರಾಸ್, 1986ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆ, 1998ರಲ್ಲಿ ಗುರುಗಾಂವ್, 2020ರ ಹೊಸ ವರ್ಷದ ಹೊತ್ತಿಗೆ ಜಮ್ಮುವಿನ ರಾಮನಗರ, ಎಲ್ಲ ಕಡೆ ಇದೇ ವಿಷದಿಂದ ಸಾವು. 2022ರಲ್ಲಿ ಭಾರತದಲ್ಲಿ ತಯಾರಾದ ಸಿರಪ್‌ಗಳ ಹೆಸರು ಗ್ಯಾಂಬಿಯಾದ ಸುಮಾರು 70 ಮಕ್ಕಳ ಸಾವಿನೊಂದಿಗೆ ಸೇರಿ ಬಂತು, ಅದೇ ವರ್ಷದ ಕೊನೆಗೆ ಉಜ್ಬೇಕಿಸ್ತಾನದಿಂದಲೂ ಅದೇ ಸುದ್ದಿ. ವಿದೇಶಕ್ಕೆ ಹೋಗುವ ಕೆಮ್ಮಿನ ಸಿರಪ್ಪನ್ನು ಸರ್ಕಾರಿ ಪ್ರಯೋಗಾಲಯದಲ್ಲಿ ಪರೀಕ್ಷಿಸಿಯೇ ಕಳಿಸಬೇಕು ಎಂಬ ನಿಯಮ 2023ರ ಜೂನ್ 1ರಿಂದ ಜಾರಿಗೆ ಬಂದಿತು. ಪರಾಸಿಯಾಕ್ಕೆ ಹೋದ ಬಾಟಲಿ ವಿದೇಶಕ್ಕೆ ಹೊರಟಿರಲಿಲ್ಲ.

ಈ ವಿಷ ಬಾಟಲಿಗೆ ಬರುವ ದಾರಿ ನಿಮಗೆ ಗೊತ್ತಿರಬೇಕು. ಪ್ಯಾರಸಿಟಮಾಲ್‌ನಂಥ ಔಷಧಿಗಳು ನೀರಿನಲ್ಲಿ ಚೆನ್ನಾಗಿ ಕರಗುವುದಿಲ್ಲ. ಕರಗಿಸುವುದಕ್ಕೂ ಸಿಹಿ, ಮಂದ ಮಾಡುವುದಕ್ಕೂ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಸಾರ್ಬಿಟಾಲ್ ಬಳಸುತ್ತಾರೆ. ಔಷಧಿ ದರ್ಜೆಯ ಪ್ರೊಪಿಲೀನ್ ಗ್ಲೈಕಾಲ್ ದುಬಾರಿ. ಬಣ್ಣದ ಕಾರ್ಖಾನೆಗೆ, ಬ್ರೇಕ್ ಆಯಿಲ್‌ಗೆ ಹೋಗುವ ದರ್ಜೆಯ ದ್ರಾವಣ ಅಗ್ಗ. ಡ್ರಮ್ಮಿನ ಮೇಲಿನ ಚೀಟಿ ನಂಬಿ, ಒಳಗಿರುವುದನ್ನು ಪರೀಕ್ಷಿಸದೆ ಸುರಿದರೆ ಡೈಎಥಿಲೀನ್ ಗ್ಲೈಕಾಲ್ ಬಾಟಲಿಗಿಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ರುಚಿ ಸಿಹಿ. ಮಗು ಮುಖ ಸಿಂಡರಿಸುವುದೂ ಇಲ್ಲ. ಇನ್ನೊಂದು ಚಮಚ ಕೇಳಿದರೂ ಆಶ್ಚರ್ಯವಿಲ್ಲ.

ಇಂಥ ಬಾಟಲಿಯನ್ನು ಕಣ್ಣಿನಿಂದ ಗುರುತಿಸಲು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು. ಅಂಗಡಿಯವರನ್ನು ಇದಕ್ಕೆ ಹೊಣೆ ಮಾಡುವುದು ಅನ್ಯಾಯ. ಆದರೆ ಅದು ಬರುವ ಬಾಗಿಲು ನಿಮ್ಮ ಕೈಯಲ್ಲಿದೆ. ಬಿಲ್ ಇಲ್ಲದ ಮಾಲು ತಗೊಳ್ಳಬೇಡಿ, ಸ್ಕೀಮ್ ಎಷ್ಟೇ ಚೆನ್ನಾಗಿರಲಿ. ಹೆಸರೇ ಕೇಳದ ಕಂಪನಿಯ ಸಿರಪ್‌ಗೆ ಹತ್ತು ತಗೊಂಡರೆ ನಾಲ್ಕು ಉಚಿತ ಎಂದು ರೆಪ್ ಹೇಳಿದ ದಿನ, ಅಷ್ಟು ಅಗ್ಗಕ್ಕೆ ಅವರು ಅದನ್ನು ಏನು ಹಾಕಿ ಮಾಡುತ್ತಾರೆ ಎಂದು ಒಂದು ಗಳಿಗೆ ಯೋಚಿಸಿ. ಇಲಾಖೆಯಿಂದ ಬ್ಯಾಚ್ ನಂಬರಿನ ಎಚ್ಚರಿಕೆ ಬಂದರೆ ಅದು ಸಂಘದ ವಾಟ್ಸಾಪ್ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯಗಳ ಕೆಳಗೆ ಹೂತುಹೋಗಬಾರದು. ಆ ದಿನವೇ ಕಪಾಟು ನೋಡಿ, ಇದ್ದರೆ ಬೇರೆ ಪೆಟ್ಟಿಗೆಯಲ್ಲಿಟ್ಟು ಮೇಲೆ ಬರೆಯಿರಿ. ಗಿರಾಕಿಗೆ ಕೊಡುವ ಬಿಲ್ಲಿನಲ್ಲಿ ಬ್ಯಾಚ್ ನಂಬರ್ ಇರಲಿ. ಎಡವಟ್ಟಾದ ದಿನ ಆ ಮನೆಯನ್ನು ಹುಡುಕಲು ಇರುವ ದಾರಿ ಅದೊಂದೇ.

ವಿಷದ ಮಾತು ಇಷ್ಟು ಸಾಕು. ಪತ್ರಿಕೆಗಳು ಇದನ್ನು ಚೆನ್ನಾಗಿಯೇ ಬರೆದವು. ಬರೆಯದೆ ಬಿಟ್ಟದ್ದು ಇನ್ನೊಂದಿದೆ. ಪರಾಸಿಯಾದ ಆ ಬಾಟಲಿ ಶುದ್ಧವಾಗಿದ್ದರೂ ಆ ಮಕ್ಕಳಿಗೆ ಅದು ಬೇಕಿರಲಿಲ್ಲ. ಲೇಬಲ್ ಪ್ರಕಾರ ಅದರಲ್ಲಿದ್ದದ್ದು ಪ್ಯಾರಸಿಟಮಾಲ್, ಫಿನೈಲ್‌ಎಫ್ರಿನ್, ಕ್ಲೋರ್‌ಫೆನಿರಮೈನ್. ಕೊನೆಯ ಎರಡರ ಜೋಡಿಯನ್ನು ನಾಲ್ಕು ವರ್ಷದ ಕೆಳಗಿನವರಿಗೆ ಕೊಡಬಾರದು ಎಂದು ಲೇಬಲ್ ಮೇಲೆ ಮುದ್ರಿಸಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲೇ ಹೇಳಿದ್ದರು. 2025ರ ಅಕ್ಟೋಬರ್ 3ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಮತ್ತೆ ಬಿಡಿಸಿ ಹೇಳಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಬರೆಯಲೂ ಬಾರದು, ಕೊಡಲೂ ಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಬೇಡ. ನಮ್ಮ ರಾಜ್ಯದ ಆರೋಗ್ಯ ಇಲಾಖೆಯೂ ಇದೇ ಅರ್ಥದ ಸೂಚನೆ ಹೊರಡಿಸಿತು. ಸುತ್ತೋಲೆಗಳು ಬರುತ್ತವೆ, ಹೋಗುತ್ತವೆ. ಕೌಂಟರಿನಲ್ಲಿ ನಿಂತವರು ಒಪ್ಪುವವರೆಗೆ ಅವು ಕಾಗದ.

ಬಾಟಲಿಯೊಳಗೆ ಏನಿದೆ ಎಂದು ಒಮ್ಮೆ ನಿಮ್ಮ ಜೊತೆ ಕುಳಿತು ನೋಡಬೇಕೆಂದು ನನಗೆ ಬಹಳ ದಿನದ ಆಸೆ. ನಿಮ್ಮ ಕಪಾಟಿನಲ್ಲಿ ಮೂವತ್ತು ಬ್ರಾಂಡು ಇರಬಹುದು, ಒಳಗಿರುವ ಜಾತಿಗಳು ನಾಲ್ಕೈದೇ. ಕೆಮ್ಮನ್ನು ಅಡಗಿಸುವವು ಒಂದು: ಡೆಕ್ಸ್ಟ್ರೋಮೆಥಾರ್ಫಾನ್, ಲೆವೊಕ್ಲೋಪೆರಾಸ್ಟಿನ್, ಕೊಡೀನ್. ಕಫ ತೆಳುವಾಗಿಸಿ ಹೊರತರಲು ಇನ್ನೊಂದು: ಆಂಬ್ರಾಕ್ಸಾಲ್, ಬ್ರೋಮ್‌ಹೆಕ್ಸಿನ್, ಗ್ವಾಯ್‌ಫೆನಿಸಿನ್. ನೆಗಡಿ ಒಣಗಿಸುವ, ನಿದ್ದೆ ಬರಿಸುವ ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮಿನ್. ಉಬ್ಬಸದವರ ಶ್ವಾಸನಾಳ ಅಗಲಿಸುವ ಸಾಲ್ಬುಟಮಾಲ್, ಲೆವೊಸಾಲ್ಬುಟಮಾಲ್, ಟರ್ಬ್ಯುಟಲಿನ್. ಮೂಗು ಬಿಡಿಸುತ್ತದೆ ಎಂದು ಹಾಕುವ ಫಿನೈಲ್‌ಎಫ್ರಿನ್. ಬಾಯಿಂದ ಕುಡಿದರೆ ಅದು ಕೆಲಸವೇ ಮಾಡುವುದಿಲ್ಲ ಎಂದು ಅಮೆರಿಕದ ಎಫ್‌ಡಿಎ ಸಲಹಾ ಸಮಿತಿ 2023ರಲ್ಲಿ ಹೇಳಿತು, ಮರುವರ್ಷ ಎಫ್‌ಡಿಎ ಅದನ್ನು ಚೀಟಿಯಿಲ್ಲದೆ ಮಾರಬಹುದಾದ ಔಷಧಿಗಳ ಪಟ್ಟಿಯಿಂದ ತೆಗೆಯುವ ಪ್ರಸ್ತಾಪವನ್ನೇ ಮುಂದಿಟ್ಟಿತು.



ಈಗ ಬೆರಕೆಗೆ ಬನ್ನಿ. ಕೆಮ್ಮು ಅಡಗಿಸುವುದನ್ನೂ ಕಫ ಹೊರತರುವುದನ್ನೂ ಒಂದೇ ಬಾಟಲಿಯಲ್ಲಿ ತುಂಬುವುದು ಒಂದೇ ಗಾಡಿಯ ಹಿಂದೆ ಮುಂದೆ ಎತ್ತು ಕಟ್ಟಿ ಎರಡೂ ಕಡೆ ಹೊಡೆದಂತೆ. ಕಫವನ್ನು ತೆಳು ಮಾಡಿದರೆ ಅದನ್ನು ಹೊರಹಾಕಲು ಕೆಮ್ಮು ಬೇಕು. ಕೆಮ್ಮನ್ನೇ ಅಡಗಿಸಿದರೆ ಕಫ ಎಲ್ಲಿ ಹೋಗಬೇಕು? ಅದರ ಜೊತೆಗೆ ಕಫವನ್ನು ಒಣಗಿಸುವ ಕ್ಲೋರ್‌ಫೆನಿರಮೈನ್ ಬೇರೆ. ಇಂಥ ತರ್ಕವಿಲ್ಲದ ಜೋಡಿಗಳಲ್ಲಿ ಕೆಲವನ್ನು ಕೇಂದ್ರ ಸರ್ಕಾರ 2016ರಲ್ಲಿ, ಮತ್ತೆ 2018ರಲ್ಲಿ, ಮತ್ತೆ 2023ರಲ್ಲಿ ನಿಷೇಧಿಸಿತು. ಕಂಪನಿಗಳು ಕೋರ್ಟಿಗೆ ಹೋದವು. ಒಂದು ಜೋಡಿ ಹೋದರೆ ಇನ್ನೊಂದು ಬಂತು. ಆಂಬ್ರಾಕ್ಸಾಲ್, ಲೆವೊಸಾಲ್ಬುಟಮಾಲ್, ಗ್ವಾಯ್‌ಫೆನಿಸಿನ್ ಮೂರೂ ಸೇರಿದ ಸಿರಪ್ ನಿಮ್ಮಲ್ಲಿ ಎಷ್ಟು ಹೋಗುತ್ತದೆ ಎಂದು ನಾನು ಹೇಳಬೇಕಿಲ್ಲ. ಉಬ್ಬಸವಿಲ್ಲದ, ಬರೀ ನೆಗಡಿಯ ಮಗುವಿಗೆ ಅದು ಕೊಡುವುದು ಕೈ ನಡುಕ, ಎದೆ ಬಡಿತ, ರಾತ್ರಿ ನಿದ್ದೆಗೇಡು. ಉಬ್ಬಸ ಇರುವ ಮಗುವಿಗೆ ಬೇಕಾದದ್ದು ಇನ್‌ಹೇಲರ್. ಹೀಗಾಗಿ ಆ ಸಿರಪ್ ಇಬ್ಬರಿಗೂ ಸಲ್ಲುವುದಿಲ್ಲ.

ಅಡಗಿಸುವ ಔಷಧಿಯನ್ನು ಮಕ್ಕಳ ಮಟ್ಟಿಗೆ ಹಗುರವಾಗಿ ತಗೊಳ್ಳಬೇಡಿ. 2021ರಲ್ಲಿ ದೆಹಲಿಯ ಮೊಹಲ್ಲಾ ಕ್ಲಿನಿಕ್‌ಗಳಿಂದ ಡೆಕ್ಸ್ಟ್ರೋಮೆಥಾರ್ಫಾನ್ ಸಿರಪ್ ಪಡೆದ ಮಕ್ಕಳು ಆಸ್ಪತ್ರೆ ಸೇರಿ ಮೂವರು ತೀರಿಕೊಂಡರು. ಅಲ್ಲಿ ಡೈಎಥಿಲೀನ್ ಗ್ಲೈಕಾಲ್ ಇರಲಿಲ್ಲ. ಲೇಬಲ್ ಮೇಲೆ ಬರೆದಿದ್ದ ಔಷಧಿಯೇ ಚಿಕ್ಕ ಮಕ್ಕಳಿಗೆ ಹೋಗಿತ್ತು.

ಹಾಗಾದರೆ ಮಗು ರಾತ್ರಿಯೆಲ್ಲ ಕೆಮ್ಮುತ್ತಿದೆ ಎಂದು ಕಣ್ಣು ಕೆಂಪು ಮಾಡಿಕೊಂಡು ಬಂದ ತಾಯಿಗೆ ಏನು ಹೇಳುವುದು? ಮೊದಲು, ನೆಗಡಿಯ ಕೆಮ್ಮು ಎಷ್ಟು ದಿನ ಇರುತ್ತದೆಂದು ಹೇಳಿ. ಒಂದು ವಾರದಲ್ಲಿ ಹೋಗಬೇಕೆಂದು ಎಲ್ಲರೂ ಅಂದುಕೊಂಡಿದ್ದಾರೆ. ಮಕ್ಕಳ ಮೇಲಿನ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ಅರ್ಧದಷ್ಟು ಮಕ್ಕಳಿಗೆ ಹತ್ತು ದಿನಕ್ಕೆ, ನೂರಕ್ಕೆ ತೊಂಬತ್ತು ಮಕ್ಕಳಿಗೆ ಇಪ್ಪತ್ತೈದು ದಿನಕ್ಕೆ ಕೆಮ್ಮು ನಿಂತಿದೆ. ಔಷಧಿ ಇಲ್ಲದೆಯೇ. ಜನ ನಿಮ್ಮ ಹತ್ತಿರ ಬರುವುದು ಕೆಮ್ಮು ಜೋರಾದ ಮೂರನೇ, ನಾಲ್ಕನೇ ದಿನ. ಅಲ್ಲಿಂದ ಅದು ತಾನಾಗಿ ಇಳಿಯತೊಡಗುತ್ತದೆ, ಹೆಸರು ಬಾಟಲಿಗೆ ಬರುತ್ತದೆ. "ಹೋದ್ಸಲ ಕೊಟ್ರಲ್ಲ, ಅದೇ ಕೊಡಿ, ಚೆನ್ನಾಗಿ ಹಿಡೀತು" ಎಂದು ಮುಂದಿನ ಸಲ ಅವರೇ ಕೇಳುತ್ತಾರೆ. ಕಂಪನಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ?

ಕೊಡುವುದಕ್ಕೆ ನಿಮ್ಮ ಅಂಗಡಿಯಲ್ಲೇ ಇದೆ: ಮೂಗಿಗೆ ಹಾಕುವ ಉಪ್ಪುನೀರಿನ ಡ್ರಾಪ್ಸ್. ಚಿಕ್ಕ ಮಕ್ಕಳ ರಾತ್ರಿ ಕೆಮ್ಮಿನಲ್ಲಿ ಬಹಳಷ್ಟು ಮೂಗಿನ ನೀರು ಗಂಟಲಿಗಿಳಿದು ಬರುವಂಥದ್ದು. ಮೂಗು ತೆರೆದರೆ ಮಗು ಹಾಲು ಕುಡಿಯುತ್ತದೆ, ನಿದ್ದೆಯೂ ಬರುತ್ತದೆ. ಒಂದು ವರ್ಷ ತುಂಬಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ, ಒಂದು ಚಮಚ ಜೇನುತುಪ್ಪ. ಡೆಕ್ಸ್ಟ್ರೋಮೆಥಾರ್ಫಾನ್ ಜೊತೆ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಜೇನುತುಪ್ಪ ಹಿಂದೆ ಬಿದ್ದಿಲ್ಲ. ಒಂದು ವರ್ಷದೊಳಗೆ ಮಾತ್ರ ಜೇನು ನೆಕ್ಕಿಸಲೇಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಕಣ ಕೂಸಿನ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನೇ ಸೋಲಿಸುವ ಬೊಟುಲಿಸಂ ಬರಬಹುದು. ಬಜೆ ತೇಯುವಾಗ ಜೇನು ಬೆರೆಸುವ ಅಜ್ಜಿಯರಿಗೆ ಇದನ್ನು ನಯವಾಗಿ ಹೇಳಬೇಕು. ದೊಡ್ಡಪತ್ರೆ, ತುಳಸಿ, ಶುಂಠಿ, ಮೆಣಸಿನ ಕಷಾಯವನ್ನು ದೊಡ್ಡ ಮಕ್ಕಳು, ದೊಡ್ಡವರು ಬಿಸಿಬಿಸಿಯಾಗಿ ಕುಡಿದರೆ ಗಂಟಲಿಗೆ ಹಿತ, ನನ್ನ ಅಡ್ಡಿ ಇಲ್ಲ. ಅಡ್ಡಿ ಇರುವುದು ಕರ್ಪೂರಕ್ಕೆ. ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಕೂಸಿನ ಎದೆಗೆ ತಿಕ್ಕುವುದು, ಬಟ್ಟೆಯಲ್ಲಿ ಕಟ್ಟಿ ತೊಟ್ಟಿಲಿಗೆ ತೂಗುಹಾಕುವುದು ಎರಡೂ ಬೇಡ. ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುತ್ತದೆ. ಪಾತ್ರೆಯಲ್ಲಿ ಕುದಿಯುವ ನೀರಿಟ್ಟು ಮಗುವಿಗೆ ಆವಿ ಕೊಡಿಸುವುದೂ ಬೇಡ. ಸುಟ್ಟ ಗಾಯದ ಮಕ್ಕಳನ್ನು ನೋಡಿದವರಿಗೆ ಕಾರಣ ಕೇಳುವ ಅಗತ್ಯವಿರುವುದಿಲ್ಲ.

ಕೆಲವು ಮಕ್ಕಳನ್ನು ನೀವು ಉಪ್ಪುನೀರಿನ ಡ್ರಾಪ್ಸ್ ಕೊಟ್ಟೂ ಕಳಿಸಬಾರದು, ನೇರ ಆಸ್ಪತ್ರೆಗೆ ಕಳಿಸಬೇಕು. ಉಸಿರೆಳೆದಾಗ ಪಕ್ಕೆ ಒಳಗೆ ಹೋಗುತ್ತಿದೆ, ಮೊಲೆ ಹಿಡಿಯುತ್ತಿಲ್ಲ, ತುಟಿ ನೀಲಿಯಾಗಿದೆ, ಎಬ್ಬಿಸಿದರೂ ಮಂಪರು, ಕೆಮ್ಮಿ ಕೆಮ್ಮಿ ಕೊನೆಗೆ ವಾಂತಿ ಮಾಡುತ್ತದೆ, ಕಡಲೆಬೀಜ ತಿನ್ನುತ್ತಿದ್ದಾಗ ದಿಢೀರನೆ ಕೆಮ್ಮು ಶುರುವಾಯಿತು. ಮಗು ಸುಮ್ಮನಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಲು ಹೇಳಿಕೊಡಿ. ಎರಡು ತಿಂಗಳಿಂದ ಒಂದು ವರ್ಷದೊಳಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದೊಳಗೆ 40, ಇಷ್ಟು ಮುಟ್ಟಿದರೆ ಅದು ನ್ಯುಮೋನಿಯಾ ಇರಬಹುದು. ಎರಡು ತಿಂಗಳೊಳಗಿನ ಕೂಸಿಗೆ ಕೆಮ್ಮು ಎಂದರೆ ಎಣಿಸುತ್ತ ಕೂರುವುದೂ ಬೇಡ.

ಅಳತೆಯ ವಿಷಯ. ದೊಡ್ಡ ಮಗುವಿಗೆ ಚೀಟಿ ಇದೆ, ಔಷಧಿ ಸರಿ ಇದೆ ಎಂದೇ ಇಟ್ಟುಕೊಳ್ಳೋಣ. "ದಿನಕ್ಕೆ ಮೂರು ಸಲ ಒಂದೊಂದು ಚಮಚ" ಎಂದರೆ ಯಾವ ಚಮಚ? ಉಪ್ಪಿನಕಾಯಿ ಜಾಡಿಯದ್ದೇ, ಸಾರು ಬಡಿಸುವುದೇ? ಮನೆಯ ಚಮಚಗಳು ಒಂದರಂತೆ ಒಂದಿರುವುದಿಲ್ಲ. ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳದಲ್ಲಿ ಗೆರೆ ತೋರಿಸಿ, ಆ ಗೆರೆಯ ಮೇಲೆ ಪೆನ್ನಿನಿಂದ ಗುರುತು ಹಾಕಿ ಕೊಡಿ. ಹತ್ತು ಸೆಕೆಂಡಿನ ಕೆಲಸ. ಇದಕ್ಕಿಂತ ಅಪಾಯದ್ದು ಡ್ರಾಪ್ಸ್ ಮತ್ತು ಸಿರಪ್ ಅದಲುಬದಲಾಗುವುದು. ಪ್ಯಾರಸಿಟಮಾಲ್ ಸಿರಪ್ 5 ಎಂ.ಎಲ್.ನಲ್ಲಿ 120 ಅಥವಾ 125 ಮಿಲಿಗ್ರಾಂ ಇರುತ್ತದೆ, ಗಟ್ಟಿಯದ್ದರಲ್ಲಿ 250. ಕೂಸುಗಳ ಡ್ರಾಪ್ಸ್‌ನಲ್ಲಿ ಒಂದೇ ಎಂ.ಎಲ್.ಗೆ 100. ಸಿರಪ್ ಎಂದುಕೊಂಡು ಡ್ರಾಪ್ಸನ್ನು 5 ಎಂ.ಎಲ್. ಕುಡಿಸಿದರೆ ಹೊಟ್ಟೆಗೆ ಹೋಗುವುದು 500. ಐದು ಕಿಲೋ ತೂಕದ ಕೂಸಿಗೆ ಬೇಕಾದದ್ದು ಒಂದು ಸಲಕ್ಕೆ 50ರಿಂದ 75.

ಪ್ಯಾರಸಿಟಮಾಲ್ ಇನ್ನೊಂದು ರೀತಿಯಲ್ಲೂ ಹೆಚ್ಚಾಗುತ್ತದೆ. ನೆಗಡಿ ಸಿರಪ್ಪಿನಲ್ಲಿ ಅದಿದೆ, ಜ್ವರದ ಸಿರಪ್ಪಿನಲ್ಲೂ ಅದಿದೆ. ತಾಯಿಗೆ ಕಾಣುವುದು ಎರಡು ಬೇರೆ ಬಣ್ಣದ ಬಾಟಲಿ. ನೀವು ಸಣ್ಣಕ್ಷರ ಓದಬಲ್ಲಿರಿ, ಅವರಿಗೆ ಓದಿ ಹೇಳಿ. ಹೋದ ವರ್ಷ ಅರ್ಧ ಉಳಿದ ಬಾಟಲಿ, ಅಕ್ಕನಿಗೆ ಬರೆದಿದ್ದನ್ನು ತಮ್ಮನಿಗೆ, ಇವನ್ನೂ ಕೇಳಿ ತಿಳಿದು ತಡೆಯಿರಿ.

ದೊಡ್ಡವರ ಬಗ್ಗೆ ನನ್ನ ಅನುಭವ ಕಡಿಮೆ, ಆದರೂ ಮಗುವನ್ನು ಕರೆತಂದ ಅಜ್ಜನ ಕೆಮ್ಮು ಕಿವಿಗೆ ಬಿದ್ದೇ ಬೀಳುತ್ತದೆ. ಬಿ.ಪಿ.ಗೆ ಎನಲಪ್ರಿಲ್, ರಾಮಿಪ್ರಿಲ್ ನುಂಗುವವರಲ್ಲಿ ಕೆಲವರಿಗೆ ಆ ಮಾತ್ರೆಯಿಂದಲೇ ಒಣ ಕೆಮ್ಮು ಹಿಡಿಯುತ್ತದೆ. ತಿಂಗಳಿಗೊಮ್ಮೆ ಅದೇ ಮಾತ್ರೆ ಕೊಡುವವರು ನೀವು, ಕೆಮ್ಮಿನ ಬಾಟಲಿ ಕೊಡುವವರೂ ನೀವೇ. ಎರಡನ್ನೂ ಸೇರಿಸಿ ನೋಡಬಲ್ಲವರು ಊರಿನಲ್ಲಿ ಬೇರೆ ಯಾರಿದ್ದಾರೆ? ಮಾತ್ರೆ ನಿಲ್ಲಿಸಿ ಎನ್ನಬೇಡಿ, ಬರೆದ ಡಾಕ್ಟರಿಗೆ ಹೇಳಿ ಬದಲಿಸಿಕೊಳ್ಳಿ ಎನ್ನಿ. ಫಿನೈಲ್‌ಎಫ್ರಿನ್ ರಕ್ತದೊತ್ತಡ ಏರಿಸಬಹುದು. ಕ್ಲೋರ್‌ಫೆನಿರಮೈನ್ ಪ್ರಾಸ್ಟೇಟ್ ತೊಂದರೆ ಇರುವ ಮುದುಕರಿಗೆ ಮೂತ್ರ ಕಟ್ಟಿಸಬಹುದು, ರಾತ್ರಿ ಲಾರಿ ಓಡಿಸುವವರಿಗೆ ತೂಕಡಿಕೆ ತರುತ್ತದೆ, ಮೇಲೆ ಒಂದು ಕ್ವಾರ್ಟರ್ ಬಿದ್ದರೆ ಕೇಳುವುದೇ ಬೇಡ. ಮನಸ್ಸಿನ ಕಾಯಿಲೆಗೆ ಮಾತ್ರೆ ತಗೊಳ್ಳುವವರಿಗೆ ಡೆಕ್ಸ್ಟ್ರೋಮೆಥಾರ್ಫಾನ್ ಕೊಡುವ ಮುನ್ನ ಡಾಕ್ಟರನ್ನು ಕೇಳಲೇಬೇಕು. ಸಕ್ಕರೆ ಕಾಯಿಲೆಯವರಿಗೆ ಸಿರಪ್ಪಿನ ಸಕ್ಕರೆ ಬೇರೆ. ಎರಡು ವಾರ ದಾಟಿದ ಕೆಮ್ಮಿಗೆ ಮೂರನೇ ಬಾಟಲಿ ಕೊಡಬೇಡಿ. ಕಫ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಗೆ ಕಳಿಸಿ, ಅಲ್ಲಿ ಪರೀಕ್ಷೆಯೂ ಉಚಿತ, ಕ್ಷಯದ ಔಷಧಿಯೂ ಉಚಿತ. ಬಾಟಲಿಯ ಮೇಲೆ ಬಾಟಲಿ ಕುಡಿಯುತ್ತ ಕಳೆದ ತಿಂಗಳುಗಳಲ್ಲಿ ಕ್ಷಯ ಮನೆಯ ಮಕ್ಕಳಿಗೂ ಹರಡಿ ನನ್ನ ಬಳಿ ಬರುತ್ತದೆ.

ಕೊಡೀನ್ ಇರುವ ಬಾಟಲಿಯನ್ನು ಹೆಸರು ಹೇಳಿ ಕೇಳಿಕೊಂಡು ಬರುವ ಹುಡುಗರಿಗೆ ಕೆಮ್ಮು ಇರುವುದಿಲ್ಲ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಅದು ಎಚ್1 ಪಟ್ಟಿಯ ಔಷಧಿ. ಚೀಟಿ ಬೇಕು, ಬರೆದವರ ಮತ್ತು ರೋಗಿಯ ಹೆಸರು ಬೇರೆ ರಿಜಿಸ್ಟರಿನಲ್ಲಿ ದಾಖಲಾಗಬೇಕು, ಆ ರಿಜಿಸ್ಟರ್ ಮೂರು ವರ್ಷ ಇರಬೇಕು. ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ನಿಮ್ಮ ಉತ್ತರ ನನಗೆ ಕೇಳಿಸುತ್ತಿದೆ. "ಮೇಡಂ, ನಾವು ಕೊಡದಿದ್ರೆ ಪಕ್ಕದ ಅಂಗಡಿಯವನು ಕೊಡ್ತಾನೆ." "ಬರೆಯೋರು ನಿಮ್ಮ ಡಾಕ್ಟರುಗಳೇ ಅಲ್ವಾ?" ಎರಡೂ ನಿಜ. ಎರಡು ವರ್ಷದ ಮಗುವಿನ ಚೀಟಿಯಲ್ಲಿ ನಾಲ್ಕು ಸಿರಪ್ ಬರೆಯುವ ವೈದ್ಯರಿದ್ದಾರೆ, ಅಂಗಡಿಯನ್ನೂ ತಾವೇ ಇಟ್ಟುಕೊಂಡು ಬರೆಯುವವರೂ ಇದ್ದಾರೆ. ಅವರ ಪರವಾಗಿ ಹೇಳುವುದಕ್ಕೆ ನನ್ನಲ್ಲಿ ಏನೂ ಇಲ್ಲ. ಅಂಥ ಚೀಟಿ ಬಂದಾಗ ಫಾರ್ಮಸಿಸ್ಟ್ ಫೋನ್ ಮಾಡಿ "ಮಗುವಿಗೆ ಒಂದೂವರೆ ವರ್ಷ ಅಂತಿದಾರೆ, ಇದು ಕೊಡ್ಲಾ ಸಾರ್" ಎಂದು ಕೇಳುವುದು ಉದ್ಧಟತನ ಆಗುವುದಿಲ್ಲ. ನಿಮ್ಮ ಸರ್ಟಿಫಿಕೇಟ್ ಗೋಡೆಯ ಮೇಲಿರುವುದು ಅದಕ್ಕೇ. ನನಗೆ ಅಂಥ ಫೋನ್ ಬಂದರೆ ಸಂತೋಷಪಡುತ್ತೇನೆ. ಬೇರೆ ಡಾಕ್ಟರು ಗದರಬಹುದು, ಗದರಲಿ.

ಬಾಟಲಿ ಕೊಟ್ಟಾಗಲೆಲ್ಲ ಒಂದು ಮಾತು ಜೊತೆಗೆ ಹೋಗಲಿ. ಔಷಧಿ ಕುಡಿದ ಮೇಲೆ ಮಗು ಪದೇಪದೇ ವಾಂತಿ ಮಾಡಿದರೆ, ಆರೆಂಟು ಗಂಟೆ ಮೂತ್ರ ಮಾಡದಿದ್ದರೆ, ಮಂಕಾಗಿ ಮಲಗಿದರೆ ತಕ್ಷಣ ನಿಲ್ಲಿಸಿ ದೊಡ್ಡ ಆಸ್ಪತ್ರೆಗೆ ಓಡಬೇಕು, ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡೇ. ಬೇಗ ಬಂದರೆ ಮಾಡಬಹುದಾದ್ದು ಇದೆ, ಮೂತ್ರಪಿಂಡ ಪೂರ್ತಿ ಕೆಟ್ಟ ಮೇಲೆ ಬಹಳ ಕಡಿಮೆ. ಔಷಧಿಯಿಂದ ತೊಂದರೆಯಾದದ್ದನ್ನು ತಿಳಿಸಲು 1800-180-3024 ಎಂಬ ಉಚಿತ ಸಂಖ್ಯೆ ಇದೆ. ನೀವೂ ಮಾಡಬಹುದು, ತಾಯಿಯೂ ಮಾಡಬಹುದು, ಡಾಕ್ಟರೇ ಮಾಡಬೇಕೆಂದಿಲ್ಲ.

ಕೊನೆಗೆ ನಿಮ್ಮ ತಾಲ್ಲೂಕು ಸಂಘಗಳಿಗೆ ಒಂದು ಮನವಿ. "ಐದು ವರ್ಷದೊಳಗಿನ ಮಕ್ಕಳಿಗೆ ಡಾಕ್ಟರ ಚೀಟಿ ಇಲ್ಲದೆ ಕೆಮ್ಮಿನ ಸಿರಪ್ ಕೊಡುವುದಿಲ್ಲ" ಎಂದು ದಪ್ಪ ಕನ್ನಡಕ್ಷರದಲ್ಲಿ ಒಂದು ಹಾಳೆ ಮುದ್ರಿಸಿ. ಒಂದೇ ದಿನ, ಎಲ್ಲ ಅಂಗಡಿಗಳ ಕೌಂಟರಿಗೂ ಅಂಟಿಸಿ. ಎಲ್ಲರೂ ಅಂಟಿಸಿದರೆ ಪಕ್ಕದ ಅಂಗಡಿಯ ಮಾತು ಬರುವುದಿಲ್ಲ. ಮುದ್ರಣದ ಖರ್ಚು ಹೆಚ್ಚೆನಿಸಿದರೆ ಕೈಯಲ್ಲೇ ಬರೆದು ಹಾಕಿ, ಗಿರಾಕಿಗಳು ಕೋಪಿಸಿಕೊಂಡರೆ ನಿಮ್ಮ ಊರಿನ ಮಕ್ಕಳ ಡಾಕ್ಟರ ಹತ್ತಿರ ಕಳಿಸಿ. ಆ ಜಗಳ ನಾವು ಆಡಿಕೊಳ್ಳುತ್ತೇವೆ.

ಇಂತು,
ತಾಲ್ಲೂಕಿನ ಒಬ್ಬ ಮಕ್ಕಳ ವೈದ್ಯೆ